ತೂಕ ಇಳಿಯುವ ಮೊದಲು ಮನಸ್ಸು ಏಳಬೇಕು

ಹಂಪಿಗೆ ಹೋದವರೆಲ್ಲ ಆನೆಲಾಯದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸಾಲಾಗಿ ಹನ್ನೊಂದು ಕೋಣೆಗಳು, ಮೇಲೆ ಗುಮ್ಮಟಗಳು. ಕೆಲವು ವರ್ಷಗಳ ಹಿಂದೆ ಹೊಸಪೇಟೆಯಿಂದ ನಾವೂ ಮಕ್ಕಳು ಮರಿ ಸಮೇತ ಹೋಗಿದ್ದೆವು. ಬಿಸಿಲು ಏರಿತ್ತು. ನನ್ನ ಆಪಾ ಎಲ್ಲರಿಗಿಂತ ಹಿಂದೆ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದರು. ನನ್ನ ಕಿರಿಯ ಮಗ ಆನೆಲಾಯ ತೋರಿಸಿ, "ಖಾಲಾ, ನಿಮ್ಮ ಮನೆ ಬಂತು" ಎಂದ. ಎಲ್ಲರೂ ನಕ್ಕರು. ಆಪಾ ಕೂಡ ನಕ್ಕರು. ನಾನೂ ನಕ್ಕೆ.

ಆ ಬಳಿಕ ಆಪಾ ನಮ್ಮೊಂದಿಗೆ ಎಲ್ಲಿಗೂ ಬರಲಿಲ್ಲ. ಕರೆದಾಗಲೆಲ್ಲ "ಮೊಣಕಾಲು ನೋವು" ಎನ್ನುತ್ತಿದ್ದರು. ಆಗ ಅವರ ತೂಕ 84 ಕಿಲೋ. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ತೂಕ ಇಳಿಸದಿದ್ದರೆ ಮಾತ್ರೆ ಶುರುಮಾಡಬೇಕಾಗುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ನಮ್ಮ ಅಮ್ಮಿ ಇದೇ ಕಾಯಿಲೆಯಲ್ಲಿ ಕಣ್ಣಿನ ದೃಷ್ಟಿ ಕಳೆದುಕೊಂಡು ಕೊನೆಯ ವರ್ಷಗಳನ್ನು ಕಳೆದವರು. ಆದ್ದರಿಂದ ಆಪಾರಿಗೆ ಭಯವಿತ್ತು. ಎಂಟು ದಿನ ಬರೀ ಸೌತೆಕಾಯಿ, ನಿಂಬೆಹಣ್ಣಿನ ನೀರು ಎಂದು ಕುಳಿತರು. ಒಂಬತ್ತನೆಯ ದಿನ ಒಂದು ವಲೀಮಾದಲ್ಲಿ ಎರಡು ಸಲ ಬಿರಿಯಾನಿ ಹಾಕಿಸಿಕೊಂಡು ತಿಂದು, ಮನೆಗೆ ಬಂದು ಅತ್ತರು. "ನನ್ನ ನಸೀಬೇ ಇಷ್ಟು" ಎಂದು ಕೈಬಿಟ್ಟರು.

ಇದು ಆಪಾ ಒಬ್ಬರ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಶೇ. 30ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇದೆ. ಅದಕ್ಕೆ ಮೊದಲಿನ, 2015-16ರ ಸಮೀಕ್ಷೆಯಲ್ಲಿ ಇದು ಶೇ. 23ರಷ್ಟಿತ್ತು. ಭಾರತೀಯ ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. ದರ್ಜಿಯ ಟೇಪು ಪ್ರತಿ ಮನೆಯಲ್ಲೂ ಇರುತ್ತದೆ, ಒಮ್ಮೆ ಅಳೆದು ನೋಡಿ.

ಕಡಿಮೆ ತಿನ್ನಬೇಕು, ಹೆಚ್ಚು ನಡೆಯಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಇನ್ನೊಂದು ಭಾಗ ಉಸಿರಾಟಕ್ಕೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮದ್ರಸದ ಪುಟ್ಟ ಮಕ್ಕಳೂ ಹೇಳುತ್ತಾರೆ. ಗೊತ್ತಿದ್ದರೂ ಆಗದಿರುವುದು ಏಕೆ? "ನನ್ನಿಂದ ಆಗದು" ಎಂಬ ಮಾತು ಮನಸ್ಸಿನಲ್ಲಿ ಬೇರುಬಿಟ್ಟಿರುವುದರಿಂದ. ಆ ಬೇರಿಗೆ ನೀರೆರೆಯುವವರು ನಾವೇ, ಅಂದರೆ ಮನೆಯವರು.

ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ 11ನೇ ವಚನವು ಒಬ್ಬರನ್ನೊಬ್ಬರು ಗೇಲಿ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ನಿಷೇಧಿಸಿದೆ. ಸ್ತ್ರೀಯರು ಸ್ತ್ರೀಯರನ್ನು ಗೇಲಿ ಮಾಡಬಾರದೆಂದು ಅಲ್ಲಿ ಪ್ರತ್ಯೇಕವಾಗಿಯೇ ಹೇಳಲಾಗಿದೆ. ನಾನು ಅದನ್ನು ಮಕ್ಕಳಿಗೆ ಪಾಠ ಮಾಡುವವಳು. ಆದರೂ ಆನೆಲಾಯದ ಮುಂದೆ ನಕ್ಕೆ. ಗೇಲಿ ಮಾಡಿದರೆ ಛಲ ಹುಟ್ಟಿ ತೂಕ ಇಳಿಸುತ್ತಾರೆ ಎಂದು ಕೆಲವರು ಸಮರ್ಥಿಸಿಕೊಳ್ಳುತ್ತಾರೆ. ಅದು ಸುಳ್ಳು. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷ ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಆರಂಭದಲ್ಲಿ ಬೊಜ್ಜು ಇಲ್ಲದಿದ್ದವರ ಪೈಕಿ, ತೂಕದ ಕಾರಣಕ್ಕೆ ಅವಮಾನ, ತಾರತಮ್ಯ ಅನುಭವಿಸಿದವರು ಮುಂದೆ ಬೊಜ್ಜಿಗೆ ಒಳಗಾಗುವ ಸಾಧ್ಯತೆ ಇತರರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿತ್ತು. ನೊಂದ ಮನಸ್ಸು ತಟ್ಟೆಯಲ್ಲಿ ಸಮಾಧಾನ ಹುಡುಕುತ್ತದೆ, ಜನರ ಕಣ್ಣಿಗೆ ಬೀಳದಂತೆ ಮನೆಯೊಳಗೇ ಉಳಿಯುತ್ತದೆ.

ಹ. ಆಇಶಾರ(ರ) ಒಂದು ನೆನಪನ್ನು ಇಲ್ಲಿ ಹೇಳಬೇಕು. ಒಂದು ಪ್ರಯಾಣದಲ್ಲಿ ಅವರು ಪ್ರವಾದಿವರ್ಯರೊಂದಿಗೆ(ಸ) ಓಟದ ಪಂದ್ಯ ಹೂಡಿ ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡಿತು. ಮತ್ತೊಮ್ಮೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದು, ಅಂದಿನ ಸೋಲಿಗೆ ಇದು ಸರಿಹೋಯಿತೆಂದರು. ಗಮನಿಸಿ, ದಪ್ಪಗಾಗಿದ್ದೀ ಎಂಬ ಕುಹಕ ಇಲ್ಲ. ಪತ್ನಿಯೊಂದಿಗೆ ಓಟವೇ ಇದೆ! ನಮ್ಮ ಗಂಡಸರಲ್ಲಿ ಎಷ್ಟು ಮಂದಿ ಪತ್ನಿಯೊಡನೆ ಕಾಲು ಕಿಲೋಮೀಟರ್ ನಡೆಯುತ್ತಾರೆ?

ಹಾಗಾದರೆ ಸಕಾರಾತ್ಮಕ ಮನೋಭಾವ ಎಂದರೇನು? ಕನ್ನಡಿಯ ಮುಂದೆ ನಿಂತು "ನಾನು ತೆಳ್ಳಗಾಗುತ್ತೇನೆ" ಎಂದು ಕನಸು ಕಾಣುವುದೇ? 1991ರಲ್ಲಿ ಗೇಬ್ರಿಯಲ್ ಓಟಿಂಗನ್ ಮತ್ತು ಥಾಮಸ್ ವ್ಯಾಡನ್ ಎಂಬ ಸಂಶೋಧಕರು ತೂಕ ಇಳಿಸುವ ಶಿಬಿರಕ್ಕೆ ಸೇರಿದ 25 ಮಹಿಳೆಯರನ್ನು ಅಧ್ಯಯನ ಮಾಡಿದರು. ಚಿಕ್ಕ ಅಧ್ಯಯನವೇ ಸರಿ, ಆದರೆ ಫಲಿತಾಂಶ ಕುತೂಹಲಕರ. "ನನ್ನಿಂದ ಸಾಧ್ಯ" ಎಂಬ ನಿರೀಕ್ಷೆ ಇದ್ದವರು ಒಂದು ವರ್ಷದಲ್ಲಿ ಹೆಚ್ಚು ತೂಕ ಇಳಿಸಿದ್ದರು. ತೆಳ್ಳಗಾದ ಮೇಲಿನ ಸವಿಗನಸಿನಲ್ಲಿ ತೇಲುತ್ತಿದ್ದವರು ಮಾತ್ರ ಕಡಿಮೆ ಇಳಿಸಿದ್ದರು. ಕನಸು ಕಂಡ ಮನಸ್ಸು ಕೆಲಸ ಮುಗಿಯಿತೆಂದು ಮಲಗಿಬಿಡುತ್ತದೆ. ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದೂ ಇದನ್ನೇ ಅಲ್ಲವೇ? ಕಟ್ಟುವ ಕೆಲಸ ನಮ್ಮದು. "ನಸೀಬ್" ಎಂದು ಹಗ್ಗವನ್ನೇ ಮುಟ್ಟದಿರುವುದು ತವಕ್ಕುಲ್ ಅಲ್ಲ.

ಒಂದು ರಮಝಾನ್‌ನಲ್ಲಿ ಆಪಾರ ಮನೆಯಲ್ಲಿ ಇಫ್ತಾರ್ ಮುಗಿಸಿ ಕುಳಿತಿದ್ದಾಗ ಕೇಳಿದೆ: "ಆಪಾ, ಹೊಸಪೇಟೆಯ ಈ ಬಿಸಿಲಲ್ಲಿ ಹದಿಮೂರು ಗಂಟೆ ಒಂದು ಹನಿ ನೀರಿಲ್ಲದೆ ಇದ್ದಿರಿ. ನಿಮಗೆ ಮನೋಬಲ ಇಲ್ಲ ಎಂದು ಹೇಳಿದವರು ಯಾರು?" ಹಿಂದೆ ಒಮ್ಮೆ ಮಾಡಿ ತೋರಿಸಿದ ಕೆಲಸವೇ ಆತ್ಮವಿಶ್ವಾಸದ ದೊಡ್ಡ ಆಧಾರ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದರು. ನಮ್ಮ ಮಹಿಳೆಯರಿಗೆ ಆ ಆಧಾರ ವರ್ಷಕ್ಕೊಂದು ತಿಂಗಳು ಕೈಯಲ್ಲೇ ಇದೆ. (ಇಫ್ತಾರ್‌ನ ಸಮೋಸಾ, ಪಕೋಡಗಳಿಂದ ರಮಝಾನ್‌ನಲ್ಲೇ ತೂಕ ಹೆಚ್ಚಿಸಿಕೊಳ್ಳುವವರೂ ನಮ್ಮಲ್ಲಿದ್ದಾರೆ, ಆ ಮಾತು ಬೇರೆ.)

ಅಂದು ಆಪಾ ಬಹಳ ಹೊತ್ತು ಸುಮ್ಮನಿದ್ದು, "ಮಗು ಹೇಳಿದ್ದು ನೋವಾಗಲಿಲ್ಲ. ನೀನು ನಕ್ಕಿದ್ದು ನೋವಾಯಿತು" ಎಂದರು. ನಾನು ಕ್ಷಮೆ ಕೇಳಿದೆ. ಮಗನಿಂದಲೂ ಕೇಳಿಸಿದೆ.

ಈದ್ ಕಳೆದ ಮೇಲೆ ಅವರು ಶುರುಮಾಡಿದ್ದು ತೀರಾ ಸಣ್ಣದಾಗಿ. ದಿನಕ್ಕೆ ನಾಲ್ಕು ಕಪ್ ಚಹಾ, ಪ್ರತಿ ಕಪ್ಪಿಗೆ ಎರಡು ಚಮಚ ಸಕ್ಕರೆ. ಅಂದರೆ ದಿನಕ್ಕೆ ಸುಮಾರು 40 ಗ್ರಾಂ. ಅದನ್ನು ಎರಡು ಕಪ್ಪಿಗೆ, ಒಂದೊಂದು ಚಮಚಕ್ಕೆ ಇಳಿಸಿದರು. ಫಜ್ರ್ ನಮಾಝ್ ಆದ ಮೇಲೆ ಟೆರೇಸಿನಲ್ಲಿ ಹತ್ತು ನಿಮಿಷ ನಡಿಗೆ. ಕಾರ್ಯ ಚಿಕ್ಕದಾದರೂ ನಿರಂತರವಾಗಿರುವುದೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಹದೀಸ್ ಅವರಿಗೆ ಗೊತ್ತಿತ್ತು. ತಿಂಗಳ ನಂತರ ನೆರೆಮನೆಯ ಇಬ್ಬರನ್ನು ಜೊತೆ ಮಾಡಿಕೊಂಡು ಟಿ.ಬಿ. ಡ್ಯಾಮ್ ರಸ್ತೆಗೆ ಹೊರಟರು. ಬುರ್ಖಾ ಹಾಕಿಕೊಂಡು ಬೂಟು ತೊಟ್ಟು ವಾಕಿಂಗೇ ಎಂದು ನಕ್ಕವರಿದ್ದರು. ಈ ಸಲ ಆಪಾ ಆ ನಗುವಿಗೆ ಮನೆಗೆ ಮರಳಲಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಮಟ್ಟ ತಲುಪಲು ಅವರಿಗೆ ನಾಲ್ಕು ತಿಂಗಳು ಬೇಕಾಯಿತು.

ನಡುವೆ ಮಗಳ ಹೆರಿಗೆ ಬಂತು. ಹನ್ನೊಂದು ದಿನ ನಡಿಗೆ ತಪ್ಪಿತು, ಸಿಹಿಯೂ ಹೊಟ್ಟೆ ಸೇರಿತು. ಹಿಂದಿನ ಆಪಾ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಫೋನ್ ಮಾಡಿ, "ಇವತ್ತು ಹೋಗಿ ಬಂದೆ" ಎಂದರು. ನನ್ನ ಪಾಲಿಗೆ ಇಡೀ ವರ್ಷದ ದೊಡ್ಡ ಸುದ್ದಿ ಅದೇ.

ಹತ್ತು ತಿಂಗಳಲ್ಲಿ 84 ಇದ್ದದ್ದು 78 ಆಯಿತು. ಆರೇ ಕಿಲೋ ಎಂದು ಮೂಗು ಮುರಿಯಬೇಡಿ. ತೂಕದಲ್ಲಿ ಶೇ. 5ರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡಗಳಲ್ಲಿ ಪ್ರಯೋಜನ ಕಾಣುತ್ತದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಥೈರಾಯ್ಡ್, ಪಿಸಿಓಡಿ, ಕೆಲವು ಔಷಧಿಗಳಿಂದ ತೂಕ ಏರಿದವರು ತಮ್ಮನ್ನು ಸೋಮಾರಿಗಳೆಂದು ಹಳಿದುಕೊಳ್ಳದೆ ಮೊದಲು ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು.

ಕಳೆದ ಚಳಿಗಾಲದಲ್ಲಿ ಆಪಾ ತಾವಾಗಿಯೇ, "ಹಂಪಿಗೆ ಹೋಗೋಣ" ಎಂದರು. ವಿಠ್ಠಲ ದೇಗುಲದ ಕಡೆ ಹೋಗುವವರು ಗೆಜ್ಜಲ ಮಂಟಪದ ಬಳಿ ವಾಹನ ನಿಲ್ಲಿಸಿ, ಅಲ್ಲಿಂದ ಬ್ಯಾಟರಿ ಗಾಡಿ ಹತ್ತಬೇಕು. ಗಾಡಿಗೆ ಉದ್ದನೆಯ ಸಾಲಿತ್ತು. ನಾನು ಮಕ್ಕಳೊಂದಿಗೆ ಸಾಲಿನಲ್ಲಿ ನಿಂತು ಟಿಕೆಟಿಗೆ ಚಿಲ್ಲರೆ ಹುಡುಕುತ್ತಿದ್ದೆ. ತಲೆಯೆತ್ತಿ ನೋಡಿದರೆ ಆಪಾ ಇಲ್ಲ. ಮಗ ದಾರಿಯತ್ತ ಬೆರಳು ಮಾಡಿದ. ಆಗಲೇ ದೂರ ಹೋಗಿದ್ದರು, ನಡೆದುಕೊಂಡು.

"ಖಾಲಾ, ನಿಲ್ಲಿ" ಎಂದು ಕೂಗುತ್ತ ಅವನು ಹಿಂದೆಯೇ ಓಡಿದ.