ಜಾತ್ರೆಯ ಬಯಲಿನ ನಾಟಕವೂ ನಮ್ಮ ಸಂಸಾರವೂ



ಪುಷ್ಯ ಮಾಸದ ಸುಮಾರಿಗೆ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ನೆರೆಯುತ್ತದೆಂಬುದು ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆ ಬೆಲೆಯ ಮಾತು ಟವಲಿನ ಮರೆಯಲ್ಲಿ ಬೆರಳುಗಳಿಂದಲೇ ನಡೆಯುತ್ತದೆ. ಇದೇ ಕ್ಷೇತ್ರಕ್ಕೆ ಮತ್ತೊಂದು ಬಗೆಯ ಯಾತ್ರಿಕರೂ ಬರುತ್ತಾರೆ. ಲಗ್ನವಾಗಿ ವರ್ಷಗಳು ಕಳೆದರೂ ಸಂತಾನವಿಲ್ಲದ ದಂಪತಿಗಳು ಹರಕೆ ಹೊತ್ತು ಇಲ್ಲಿ ನಾಗರಕಲ್ಲನ್ನು ಪ್ರತಿಷ್ಠೆ ಮಾಡಿಸುತ್ತಾರೆ. ಆ ಕಲ್ಲುಗಳ ಸಾಲನ್ನು ನೋಡಿದವರಿಗೆ, ಒಂದೊಂದರ ಹಿಂದೆಯೂ ಒಂದು ಮನೆಯ ಕಳವಳವಿದೆಯೆಂಬುದು ಮನಸ್ಸಿಗೆ ಹೊಳೆಯದಿರದು. ಆ ಕಳವಳವೂ ಬಹುಮಟ್ಟಿಗೆ ಟವಲಿನ ಮರೆಯ ವ್ಯವಹಾರವೇ ಸರಿ. ಮನೆಯೊಳಗೆ ಬಾಯಿಬಿಟ್ಟು ಆಡಲಾರದ ಇಂತಹ ಮಾತನ್ನು ಬಯಲಿನಲ್ಲಿ ಎಲ್ಲರೆದುರು ಆಡಿ ತೋರಿಸಬಲ್ಲ ಸಾಧನವೊಂದುಂಟು. ಅದು ನಾಟಕ.

ನಾಟಕವೆಂಬುದು ನಿಮಗೆ ಅಪರಿಚಿತವೇನೂ ಅಲ್ಲ. ಊರಿನವರೇ ಪಾತ್ರಕ್ಕೆ ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟರಿಂದ ತಿಂಗಳುಗಟ್ಟಲೆ ಕಲಿತು, ಬೆಳಗಾಗುವವರೆಗೆ ‘ಕುರುಕ್ಷೇತ್ರ’ ಆಡುವುದನ್ನು ಕಂಡಿದ್ದೀರಿ. ನಿಮ್ಮಲ್ಲಿ ಕೆಲವರು ದುರ್ಯೋಧನನ ಕಿರೀಟವನ್ನು ಧರಿಸಿಯೂ ಇರಬಹುದು. ದ್ರೌಪದಿಯ ಪ್ರಶ್ನೆಗೆ ಸಭೆಯ ಹಿರಿಯರು ಉತ್ತರ ಕೊಡಲಾರದೆ ತಲೆತಗ್ಗಿಸಿದಾಗ ಚಾಪೆಯ ಮೇಲೆ ಕುಳಿತವರು ಮನಸ್ಸಿನಲ್ಲಿಯೇ ತೀರ್ಪು ಕೊಡುತ್ತಾರೆ. ಹೀಗೆ ನೋಡುವವನನ್ನು ನ್ಯಾಯಾಧೀಶನನ್ನಾಗಿ ಮಾಡುವುದೇ ನಾಟಕದ ಬಲ. ಆಳುವವರೂ ಈ ಬಲವನ್ನು ಬಲ್ಲರು. ಬ್ರಿಟಿಷ್ ಸರ್ಕಾರವು ೧೮೭೬ರಷ್ಟು ಹಿಂದೆಯೇ ನಾಟಕಗಳನ್ನು ನಿಷೇಧಿಸುವ ಅಧಿಕಾರ ಕೊಡುವ ಕಾಯಿದೆಯೊಂದನ್ನು ತಂದಿತ್ತು.

ನಮ್ಮ ರಾಜ್ಯದಲ್ಲಿ ಈ ಬಲವನ್ನು ತಿಳಿದು ಬಳಸಿದವರಲ್ಲಿ ‘ಸಮುದಾಯ’ ತಂಡವನ್ನು ವಿಶೇಷವಾಗಿ ನೆನೆಯಬೇಕು. ಅದು ಹುಟ್ಟಿದ್ದು ೧೯೭೫ರಲ್ಲಿ, ಬೆಂಗಳೂರಿನಲ್ಲಿ. ೧೯೭೯ರಲ್ಲಿ ಅದರ ಕಲಾವಿದರು ಜಾಥಾ ಹೊರಟು, ಪರದೆಯಿಲ್ಲದೆ, ರಂಗಸಜ್ಜಿಕೆಯಿಲ್ಲದೆ, ಹಳ್ಳಿಗಳ ಬೀದಿಗಳಲ್ಲಿಯೇ ಆಡಿದರು. ಬಿಹಾರದ ಬೆಲ್ಚಿ ಎಂಬ ಗ್ರಾಮದಲ್ಲಿ ೧೯೭೭ರಲ್ಲಿ ನಡೆದ ದಲಿತ ಕೂಲಿಕಾರರ ಹತ್ಯೆಯನ್ನು ಕುರಿತ ‘ಬೆಲ್ಚಿ’ ನಾಟಕವನ್ನು ಸಿ.ಜಿ. ಕೃಷ್ಣಸ್ವಾಮಿಯವರು ನಿರ್ದೇಶಿಸಿದರು. ಎಲ್ಲಿಯೋ ದೂರದಲ್ಲಿ ನಡೆದ ಅನ್ಯಾಯವು ಸುತ್ತ ನಿಂತವರ ಕಾಲಬುಡದಲ್ಲಿಯೇ ನಡೆದಾಗ, ‘ನಮ್ಮೂರಿನಲ್ಲಿ ಹೇಗಿದೆ?’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಮುಂದೆ ೧೯೯೦ರಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ನಡೆದಾಗ ಅಕ್ಷರದ ಮಾತನ್ನು ಮನೆಮನೆಗೆ ಮುಟ್ಟಿಸಿದ್ದೂ ಇಂತಹ ಹಾಡು, ನಾಟಕಗಳೇ.

ಇದಕ್ಕೂ ಗಂಡಹೆಂಡಿರ ಸಂಸಾರಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಪೆರು ದೇಶದಲ್ಲಿ ನಡೆದ ಒಂದು ಪ್ರಸಂಗವನ್ನು ಕೇಳಿರಿ. ೧೯೭೩ರಲ್ಲಿ ಅಲ್ಲಿ ಸಾಕ್ಷರತಾ ಕಾರ್ಯ ನಡೆಯುತ್ತಿದ್ದಾಗ, ಬ್ರೆಜಿಲ್ ದೇಶದ ನಾಟಕಕಾರ ಅಗಸ್ಟೋ ಬೋಲ್ ಎಂಬುವರು ಜನರ ಕಷ್ಟಗಳನ್ನೇ ನಾಟಕವಾಗಿ ಆಡಿಸುತ್ತಿದ್ದರು. ಓದಲು ಬಾರದ ಹೆಂಗಸೊಬ್ಬಳಿಗೆ ಗಂಡನು ಕೆಲವು ಕಾಗದಗಳನ್ನು ಕೊಟ್ಟು, ಮುಖ್ಯವಾದ ಪತ್ರಗಳು, ಜೋಪಾನವಾಗಿಡು ಎಂದಿದ್ದನಂತೆ. ನೆರೆಯವಳಿಂದ ಓದಿಸಿದಾಗ ಅವು ಅವನ ಪ್ರೇಯಸಿಯ ಪತ್ರಗಳೆಂದು ತಿಳಿಯಿತು. ಈಗ ಆಕೆ ಏನು ಮಾಡಬೇಕು? ನೋಡುತ್ತಿದ್ದವರಲ್ಲಿ ಒಬ್ಬಾಕೆ, ಅವನೊಡನೆ ಸ್ಪಷ್ಟವಾಗಿ ಮಾತಾಡಲಿ ಎಂದಳು. ನಟಿ ಹಾಗೆಯೇ ಆಡಿದಳು. ಆಕೆಗೆ ತೃಪ್ತಿಯಾಗಲಿಲ್ಲ. ಮತ್ತೆ ಆಡಿದರೂ ಆಗಲಿಲ್ಲ. ಹಾಗಾದರೆ ನೀವೇ ಬಂದು ಮಾಡಿ ತೋರಿಸಿ ಎಂದು ಬೋಲ್ ಕರೆದಾಗ, ಆಕೆ ರಂಗವನ್ನೇರಿ ಪೊರಕೆ ಹಿಡಿದು ಗಂಡನ ಪಾತ್ರದವನನ್ನು ಚೆನ್ನಾಗಿ ಬಡಿದಳು! ಪೊರಕೆಯ ಉಪಾಯವನ್ನು ನಾವು ಯಾರಿಗೂ ಸಲಹೆ ಮಾಡಲಾರೆವು. ಆದರೆ ಅಂದಿನಿಂದ ಬೋಲ್ ಅವರ ನಾಟಕಗಳಲ್ಲಿ ನೋಡುಗರೇ ಆಟವನ್ನು ನಿಲ್ಲಿಸಿ, ಪಾತ್ರವಾಗಿ ನಿಂತು, ಬೇರೆ ದಾರಿಯನ್ನು ಆಡಿ ತೋರಿಸುವ ಪದ್ಧತಿ ಬೆಳೆಯಿತು. ಹಲವು ದೇಶಗಳಿಗೆ ಹರಡಿತು.

ಘಾಟಿಯ ಬಯಲಿನಲ್ಲಿ ಇಂತಹ ಆಟವೊಂದು ನಡೆಯಿತೆಂದು ಊಹಿಸಿಕೊಳ್ಳಿರಿ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಅತ್ತೆ ಸೊಸೆಯನ್ನು ಬಂಜೆಯೆಂದು ಜರಿದು ಮಗನಿಗೆ ಎರಡನೆಯ ಹೆಣ್ಣಿನ ಮಾತೆತ್ತುತ್ತಾಳೆ. ಮಗ ಬಾಗಿಲ ಬಳಿ ತಲೆ ಕೆಳಗೆ ಹಾಕಿ ನಿಂತಿದ್ದಾನೆ. ಅಷ್ಟರಲ್ಲಿ ಗಂಟೆ ಬಾರಿಸಿ ಸೂತ್ರಧಾರನು ಆಟವನ್ನು ನಿಲ್ಲಿಸಿ, ‘ಈಗ ಆಸ್ಪತ್ರೆಗೆ ಹೋಗಬೇಕಾದವರು ಯಾರು?’ ಎಂದು ಸುತ್ತಲಿನವರನ್ನೇ ಕೇಳುತ್ತಾನೆ. ‘ಸೊಸೆ’ ಎಂದು ಹಿರಿಯರೊಬ್ಬರು ಹೇಳಿಯಾರು. ‘ಎತ್ತಿನ ಜೋಡಿ ಕೊಳ್ಳೋವಾಗ ಒಂದರ ಹಲ್ಲು ಮಾತ್ರ ನೋಡಿ ಬರ್ತೀಯಾ, ಗೌಡ?’ ಎಂದು ಹಿಂದಿನಿಂದ ಯಾರಾದರೂ ಕೂಗದೆ ಇರುವರೇ? ಜನ ನಗುತ್ತಾರೆ. ಆ ನಗುವಿನಲ್ಲಿ, ವರ್ಷಗಳಿಂದ ಒಬ್ಬಳೇ ಹೊತ್ತಿದ್ದ ಅಪವಾದವು ತುಸು ಸಡಿಲವಾಗುತ್ತದೆ. ಈ ಕ್ಷೇತ್ರದಲ್ಲಿ ಹಿಂಬದಿಯ ನರಸಿಂಹ ಸ್ವಾಮಿಯನ್ನು ಕನ್ನಡಿಯಲ್ಲಿ ಕಾಣುವಂತೆ, ನೇರವಾಗಿ ಕಾಣದ್ದು ಇಲ್ಲಿಯೂ ಕಾಣುತ್ತದೆ.

ನಿಜಸಂಗತಿಯೂ ಅದೇ. ಸಂತಾನವಾಗದಿರಲು ಕಾರಣ ಹೆಂಡತಿಯಲ್ಲಿರಬಹುದು, ಗಂಡನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಯಾವ ನಿರೋಧಕ ವಿಧಾನವನ್ನೂ ಬಳಸದೆ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಲ್ಲಿಯೇ, ಇಬ್ಬರೂ ವೈದ್ಯರನ್ನು ಕಾಣಬೇಕು. ಗಂಡನ ವೀರ್ಯ ಪರೀಕ್ಷೆಯು ಸುಲಭವಾದುದು; ಅದನ್ನು ಆರಂಭದಲ್ಲಿಯೇ ಮಾಡಿಸುವುದು ಮೇಲು. ಹರಕೆಗೆ ಜೊತೆಯಾಗಿ ಬರುವವರು ಆಸ್ಪತ್ರೆಗೂ ಜೊತೆಯಾಗಿ ಹೋಗುವುದರಲ್ಲಿ ಭಕ್ತಿಗೆ ಕುಂದೇನೂ ಇಲ್ಲ.

ಸಂತಾನ ಸಾಕೆನ್ನುವವರ ಮಾತೂ ಇದೇ ಬಗೆಯದು. ೧೯೭೫ರಿಂದ ೧೯೭೭ರವರೆಗಿನ ತುರ್ತು ಪರಿಸ್ಥಿತಿಯ ಕಾಲದಲ್ಲಿ ದೇಶದ ಹಲವೆಡೆ ಒತ್ತಾಯದಿಂದ ಶಸ್ತ್ರಚಿಕಿತ್ಸೆಗಳನ್ನು ಮಾಡಲಾಯಿತು; ಅಂದು ಚಿಕಿತ್ಸೆಗೊಳಗಾದವರಲ್ಲಿ ಹೆಚ್ಚಿನವರು ಗಂಡಸರು. ಜನರಲ್ಲಿ ಭೀತಿಯೂ ಸಂಶಯವೂ ಬೇರೂರಿದವು. ೧೯೭೭ರಲ್ಲಿ ಕಾರ್ಯಕ್ರಮದ ಹೆಸರು ‘ಕುಟುಂಬ ಕಲ್ಯಾಣ’ ಎಂದಾಯಿತಾದರೂ ಗಂಡಸರು ಮತ್ತೆ ಈ ಕಡೆ ತಿರುಗಿ ನೋಡಿದ್ದು ಕಡಿಮೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ದಂಪತಿಗಳಲ್ಲಿ ನೂರಕ್ಕೆ ಸುಮಾರು ೫೭ ಕಡೆ ಶಸ್ತ್ರಚಿಕಿತ್ಸೆ ಆಗಿದ್ದುದು ಹೆಂಡತಿಗೆ. ಗಂಡನಿಗೆ ಆದದ್ದು ನೂರಕ್ಕೆ ಒಂದು ಕಡೆಯೂ ಇಲ್ಲ. ಪುರುಷರ ಚಿಕಿತ್ಸೆಯಾದರೋ ಹೆಚ್ಚು ಸುಲಭವಾದುದು. ಆ ಭಾಗಕ್ಕೆ ಮಾತ್ರ ಮರವು ಬರುವ ಮದ್ದು ಕೊಟ್ಟು ಮಾಡುತ್ತಾರೆ, ಅಂದೇ ಮನೆಗೆ ಹೋಗಬಹುದು, ಪುರುಷತ್ವಕ್ಕೆ ಕೊರತೆಯಾಗದು. ಆನಂತರ ಮೂರು ತಿಂಗಳು ಬೇರೆ ನಿರೋಧಕವನ್ನು ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಲವಂತದಿಂದ ಕೆಟ್ಟುದನ್ನು ಬಲವಂತದಿಂದ ಸರಿಪಡಿಸಲಾಗದು. ಗಂಡಸರೇ ಗಂಡಸರೆದುರು ಆಡಿ, ನಕ್ಕು, ವಾದಿಸಿದರೆ ಭೀತಿ ಕರಗೀತು.

ಒಂದು ದೋಷವನ್ನು ಇಲ್ಲಿ ಮುಚ್ಚಿಡಬಾರದು. ಆರೋಗ್ಯ ಪ್ರಚಾರದ ಅನೇಕ ನಾಟಕಗಳಲ್ಲಿ ಕೊನೆಗೆ ವೈದ್ಯರ ಪಾತ್ರವೊಂದು ಬಂದು ದೀರ್ಘ ಭಾಷಣ ಮಾಡುತ್ತದೆ. ಅಷ್ಟುಹೊತ್ತಿಗೆ ಜನ ಕಡಲೆಪುರಿಯ ಅಂಗಡಿಯ ಮುಂದಿರುತ್ತಾರೆ. ನಿಮ್ಮೂರಿನ ಯುವಕ ಸಂಘ ಅಥವಾ ಸ್ತ್ರೀಶಕ್ತಿ ಸಂಘದವರು ಇಂತಹ ಆಟವನ್ನು ಕಟ್ಟುವುದಾದರೆ ಅರ್ಧ ಗಂಟೆಗೆ ಮೀರದಿರಲಿ, ಭಾಷಣ ಬೇಡ. ಯಾರ ಮನೆಯ ಸಂಗತಿಯನ್ನೂ ಹೆಸರು ಹಿಡಿದು ಆಡಬೇಡಿರಿ. ನೋಡಲು ಹೋಗುವ ದಂಪತಿಗಳು ಒಬ್ಬರು ಈ ಮೂಲೆ, ಒಬ್ಬರು ಆ ಮೂಲೆ ಎನ್ನದೆ ಜೊತೆಯಲ್ಲಿ ಕುಳಿತುಕೊಳ್ಳಿರಿ. ಹಿಂದಿರುಗುವ ದಾರಿಯಲ್ಲಿ, ‘ಆ ಜಾಗದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಹೆಂಡತಿ ಗಂಡನನ್ನು ಕೇಳಲಿ, ಗಂಡನೂ ಕೇಳಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ಸಹಾಯಕಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಆಟಕ್ಕೆ ಕರೆದಿರಿ. ಎಲ್ಲರೆದುರು ಪ್ರಶ್ನೆ ಕೇಳಲು ನಾಚುವವರಿಗಾಗಿ, ಆಕೆ ಮಾರನೆಯ ದಿನ ಯಾವ ಹೊತ್ತಿಗೆ ಎಲ್ಲಿ ಸಿಗುವರೆಂಬುದನ್ನು ಆಟ ಮುಗಿದೊಡನೆ ಕೂಗಿ ಹೇಳಿಸಿರಿ.