ಉದ್ಯೋಗಾಧೀನ ಆರೋಗ್ಯವಿಮೆಯೂ ಸಾರ್ವಜನಿಕ ವೈದ್ಯವ್ಯವಸ್ಥೆಯೂ

ರೋಗಿಯ ಚಿಕಿತ್ಸೆಯ ವೆಚ್ಚವನ್ನು ವಹಿಸತಕ್ಕವರು ಯಾರೆಂಬ ಪ್ರಶ್ನೆಗೆ ಅಮೆರಿಕವೂ ಬ್ರಿಟನ್ನೂ ಭಿನ್ನವಾದ ಉತ್ತರಗಳನ್ನು ಕೊಟ್ಟಿವೆ.

ಅಮೆರಿಕದಲ್ಲಿ 1942ರಲ್ಲಿ ಯುದ್ಧಕಾಲದ ಬೆಲೆಯೇರಿಕೆಯನ್ನು ತಡೆಯುವುದಕ್ಕಾಗಿ ಸರ್ಕಾರವು ಕೂಲಿ ಸಂಬಳಗಳಿಗೆ ಮಿತಿಯನ್ನು ವಿಧಿಸಿತು; ವಿಮೆಯ ಸೌಲಭ್ಯವನ್ನಾದರೋ ಆ ಮಿತಿಯಿಂದ ಹೊರಗಿಟ್ಟಿತು. ಸಂಬಳವನ್ನು ಹೆಚ್ಚಿಸಲಾರದ ಯಜಮಾನರು ಕೆಲಸಗಾರರನ್ನು ಸೆಳೆಯಲು ಆರೋಗ್ಯವಿಮೆಯನ್ನು ಒದಗಿಸತೊಡಗಿದರು. ಯಜಮಾನನು ತೆರುವ ವಿಮೆಯ ಕಂತಿಗೆ ನೌಕರನು ಆದಾಯತೆರಿಗೆಯನ್ನು ಕೊಡಬೇಕಾದುದಿಲ್ಲವೆಂದು 1954ರ ಶಾಸನವು ಸ್ಪಷ್ಟಪಡಿಸಲು, ಈ ಪದ್ಧತಿಯು ಬೇರೂರಿತು.

ಬ್ರಿಟನ್ನಿನ 1911ರ ವಿಮಾಶಾಸನವೂ ಮುಖ್ಯವಾಗಿ ಉದ್ಯೋಗವನ್ನೇ ಅವಲಂಬಿಸಿತ್ತು. ಅದರಿಂದ ಕೆಲಸಗಾರನಿಗೆ ವೈದ್ಯನು ದೊರೆಯುತ್ತಿದ್ದನಲ್ಲದೆ ಅವನ ಹೆಂಡತಿಮಕ್ಕಳಿಗೆ ದೊರೆಯುತ್ತಿರಲಿಲ್ಲ. ಆರೋಗ್ಯಸಚಿವರಾದ ಅನ್ಯೂರಿನ್ ಬೆವನ್ನರ ನೇತೃತ್ವದಲ್ಲಿ 1948ನೆಯ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯಸೇವೆಯು, ಮುಖ್ಯವಾಗಿ ತೆರಿಗೆಯ ಹಣದಿಂದ, ನಿವಾಸಿಗಳೆಲ್ಲರಿಗೂ ಚಿಕಿತ್ಸೆಯನ್ನು ಒದಗಿಸಿ ಈ ಕೊರತೆಯನ್ನು ನೀಗಿತು.

ಎರಡರಲ್ಲಿಯೂ ದೋಷಗಳುಂಟು. ಬ್ರಿಟನ್ನಿನ ರೋಗಿಯು ಶಸ್ತ್ರಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುವುದುಂಟು. ಆದರೆ ಅಮೆರಿಕದ ನೌಕರನು ದೀರ್ಘವ್ಯಾಧಿಯಿಂದ ಕೆಲಸವನ್ನು ಕಳೆದುಕೊಂಡರೆ, ಯಜಮಾನನ ಪಾಲಿನ ಕಂತೂ ಸಾಮಾನ್ಯವಾಗಿ ಅದರೊಡನೆಯೇ ನಿಲ್ಲುವುದು. 1986ರಲ್ಲಿ ಬಂದ ಶಾಸನದಂತೆ ಅನೇಕರು ಕೆಲವು ಕಾಲ ಅದೇ ವಿಮೆಯನ್ನು ಮುಂದುವರಿಸಬಹುದಾದರೂ, ಸಂಬಳವಿಲ್ಲದವನೇ ಪೂರ್ಣ ಕಂತನ್ನು ತೆರಬೇಕಾಗುವುದು. ಚಿಕಿತ್ಸೆಯು ಅತ್ಯವಶ್ಯವಾದ ಕಾಲದಲ್ಲಿಯೇ ಅದರ ಆಧಾರವು ಕುಸಿಯುವುದು ಉದ್ಯೋಗಾಧೀನ ಪದ್ಧತಿಯ ಮೂಲದೋಷವಾಗಿದೆ.