ಗದ್ದಲದೊಳಗೊಂದು ಕೀರವಾಣಿ

ಜೀವನ್ ಬಿಮಾ ನಗರದಲ್ಲಿ ನಮ್ಮದು ಮೊದಲ ಮಹಡಿಯ ಮನೆ. ಒಬ್ಬರ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುವಷ್ಟು ಹತ್ತಿರದ ಗೋಡೆಗಳು. ಅಂಥ ಕಡೆ ಹತ್ತನೇ ಕ್ಲಾಸಿನ ಮಗ ಎಲೆಕ್ಟ್ರಿಕ್ ಗಿಟಾರ್ ಹಿಡಿದರೆ ಏನಾಗಬೇಕೋ ಅದೇ ಆಯಿತು. ಕೆಳಗಿನ ಮನೆಯವರು ಎರಡು ಸಲ ನಗುತ್ತಲೇ ಹೇಳಿದರು. ಮೂರನೇ ಸಲ ನಗಲಿಲ್ಲ.

ಅವತ್ತು ರಾತ್ರಿ ಗಿಟಾರನ್ನು ಅಟ್ಟಕ್ಕೆ ಹಾಕಿಯೇ ಬಿಡೋಣವೆಂದು ಅವನ ಕೋಣೆಗೆ ಹೋದೆ. ಕಂಪ್ಯೂಟರಿನಲ್ಲಿ ಏನೋ ಅಬ್ಬರಿಸುತ್ತಿತ್ತು.

“ಯಾರದ್ದೋ ಇದು?”

“ಕರೋನರ್ ಅಂತ ಅಮ್ಮ. ಅವರ ಮೊದಲನೇ ಆಲ್ಬಮ್, ಆರ್.ಐ.ಪಿ.”

ಕರೋನರ್ ಅಂದರೆ ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ. ಆರ್.ಐ.ಪಿ. ಸಮಾಧಿಯ ಮೇಲೆ ಕೆತ್ತುವ ಅಕ್ಷರ. ಪರೀಕ್ಷೆಯ ವರ್ಷದಲ್ಲಿ ಕೇಳುವ ಹೆಸರುಗಳೇ ಇವು? ಪಾಟನ್ನು ನಿಲ್ಲಿಸಿಸಿದೆ. ಅವನು ಮಾತಾಡದೆ ಗಿಟಾರ್ ಎತ್ತಿಕೊಂಡು ಮೆಲ್ಲಗೆ ಸ್ವರ ನುಡಿಸತೊಡಗಿದ.

ಆಗ ನಮ್ಮತ್ತೆ ಬಾಗಿಲಿಗೆ ಬಂದರು. ಚಿಕ್ಕಂದಿನಲ್ಲಿ ಪಿಟೀಲು ಕಲಿತವರು. ಬೈಯುತ್ತಾರೆ ಅಂದುಕೊಂಡೆ. ಅವರು ಕಿವಿಗೊಟ್ಟು ನಿಂತು, “ಕೀರವಾಣಿ ಅಲ್ವೇನೋ ಪುಟ್ಟ ಅದು?” ಅಂದರು.

“ಇಲ್ಲ ಅಜ್ಜಿ, ಹಾರ್ಮೋನಿಕ್ ಮೈನರ್.”

“ಹೆಸರು ಏನಾದರೂ ಇರಲಿ. ಸ್ವರ ಅದೇ, ಗಮಕ ಒಂದಿಲ್ಲ.”

ಅತ್ತೆಯ ಮಾತು ಸರಿಯಾಗಿತ್ತು. ಕರ್ನಾಟಕ ಸಂಗೀತದ 21ನೇ ಮೇಳಕರ್ತ ಕೀರವಾಣಿ. ಅದರ ಏಳು ಸ್ವರಗಳೇ ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್. ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಇರುವ ದೊಡ್ಡ ಜಿಗಿತದಲ್ಲೇ ಅದರ ಕರುಣೆಯೆಲ್ಲ ಇದೆ.

ಮುಂದಿನ ಅರ್ಧ ಗಂಟೆ ಮಗನೇ ಮೇಷ್ಟ್ರು. ಥ್ರ್ಯಾಶ್ ಮೆಟಲ್ ಹುಟ್ಟಿದ್ದು 1980ರ ದಶಕದ ಆರಂಭದಲ್ಲಿ. ಬಲ ಅಂಗೈಯ ಅಂಚನ್ನು ತಂತಿಗೆ ತಾಗಿಸಿ, ನಾದವನ್ನು ಅಡಗಿಸಿ, ಮಿಂಚಿನ ವೇಗದಲ್ಲಿ ಮೀಟುವುದು ಅದರ ಗುರುತು. ಅದೇ ಕಾಲದಲ್ಲಿ ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್ ಎಂಬ ಗಿಟಾರ್ ವಾದಕ ಬಾಖ್ ಮತ್ತು ಪಗನೀನಿಯವರ ಶೈಲಿಯನ್ನು ರಾಕ್ ಗಿಟಾರಿಗೆ ತಂದ. ಅವನ ಮೊದಲ ಆಲ್ಬಮ್ ‘ರೈಸಿಂಗ್ ಫೋರ್ಸ್’ ಬಂದದ್ದು 1984ರಲ್ಲಿ. ಪಗನೀನಿ ಪಿಟೀಲಿಗೆ 24 ಕಠಿಣ ಕೃತಿಗಳನ್ನು ಬರೆದ ಇಟಲಿಯ ವಿದ್ವಾಂಸ. ಪಿಟೀಲಿನ ಹೆಸರು ಕೇಳಿದ್ದೇ ಅತ್ತೆ ಮಂಚದ ಮೇಲೆ ಕೂತೇಬಿಟ್ಟರು.

ಈ ಎರಡೂ ಹೊಳೆಗಳು ಕೂಡಿದ ಆಲ್ಬಮ್ 1987ರ ‘ಆರ್.ಐ.ಪಿ.’ ಸ್ವಿಟ್ಜರ್ಲೆಂಡಿನ ಮೂವರೇ ಹುಡುಗರು, ಒಂದೇ ಗಿಟಾರು. ಅದಕ್ಕೆ ಮೊದಲು ‘ಸೆಲ್ಟಿಕ್ ಫ್ರಾಸ್ಟ್’ ತಂಡದ ಸಾಮಾನು ಸಾಗಿಸಿ, ವೇದಿಕೆ ಸಜ್ಜು ಮಾಡಿಕೊಡುತ್ತಿದ್ದವರು. ಆಲ್ಬಮ್ಮಿನ ‘ನೊಸ್ಫೆರಾಟು’ದಲ್ಲಿ ಹಾಡುಗಾರಿಕೆಯೇ ಇಲ್ಲ, ಬರೀ ವಾದ್ಯ. ಮಗ ಅದನ್ನು ಹಾಕಿದ. ಅಬ್ಬರದ ನಡುವೆ ಒಂದು ಎಳೆ ಓಡುವುದು ನನಗೂ ಕೇಳಿಸಿತು.

“ಇಷ್ಟು ಬೇಗ ಬೆರಳು ಹೇಗೋ ಓಡುತ್ತೆ?” ಅಂದೆ.

ಅವನು ಮೆಟ್ರೋನೋಮ್ ತೋರಿಸಿದ. ಟಿಕ್ ಟಿಕ್ ಎನ್ನುವ ಏಟಿಗೆ ಮೊದಲು ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ತಪ್ಪಿದರೆ ಮತ್ತೆ ಒಂದರಿಂದ. ಅತ್ತೆ ನಕ್ಕರು. “ಸರಳೆ ವರಸೆ ಮೂರು ಕಾಲದಲ್ಲಿ! ಇದನ್ನೇ ಅಲ್ವಾ ನಮ್ಮ ಮೇಷ್ಟ್ರು ಮಾಡಿಸ್ತಿದ್ದದ್ದು.”

ಇದೆಲ್ಲ ಹೊರದೇಶದ ಮಾತಾಯಿತು ಅಂದುಕೊಳ್ಳುವಷ್ಟರಲ್ಲಿ ಮಗ ನಮ್ಮೂರಿಗೇ ಬಂದ. ಬೆಂಗಳೂರಿನ ‘ಕ್ರಿಪ್ಟೋಸ್’ ತಂಡ ಶುರುವಾದದ್ದು 1998ರಲ್ಲಿ. ಮೊದಲ ಆಲ್ಬಮ್ ‘ಸ್ಪೈರಲ್ ಅಸೆಂಟ್’ ಹೊರಬಂದದ್ದು 2004ರಲ್ಲಿ. ಆರು ವರ್ಷ! 2013ರಲ್ಲಿ ಅವರು ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ ನಡೆಯುವ ಜಗತ್ಪ್ರಸಿದ್ಧ ಮೆಟಲ್ ಉತ್ಸವದಲ್ಲಿ ನುಡಿಸಿ ಬಂದರು.

“ಆರು ವರ್ಷ ಕಾದರಾ?” ಎಂದೆ. “ಹಾಗಾದರೆ ನೀನು ಮಾರ್ಚಿಯವರೆಗೆ ಕಾಯಬಹುದು.”

ಕೊನೆಗೆ ರಾಜಿಯಾಯಿತು. ದಿನಕ್ಕೆ ಒಂದು ಗಂಟೆ, ಓದು ಮುಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಕೆಳಗಿನ ಮನೆಗೆ ಅವನೇ ಹೋಗಿ ಕ್ಷಮೆ ಕೇಳಿ ಬಂದ. ಭಾನುವಾರ ಮಾತ್ರ ಹೆಡ್‌ಫೋನ್ ತೆಗೆದು, ಸಣ್ಣ ದನಿಯಲ್ಲಿ ಅಜ್ಜಿಗೆ ಕೀರವಾಣಿ ಒಪ್ಪಿಸಬೇಕು.

ಆ ಕಿರುಚುವ ಹಾಡುಗಾರಿಕೆ ನನಗೆ ಇವತ್ತಿಗೂ ಹಿಡಿಸಿಲ್ಲ. ಆದರೆ ಅಟ್ಟದಲ್ಲಿ ಗಿಟಾರಿಗೆಂದು ಮಾಡಿದ್ದ ಜಾಗದಲ್ಲಿ ಈಗ ಉಪ್ಪಿನಕಾಯಿ ಜಾಡಿಗಳಿವೆ.